ಸುಮ್ನೆ ಕೂತರೆ ತಪ್ಪು ಮಾಡಿದ ಹಾಗೆ

ಸಮಾಲೋಚನೆಗೆಂದು ನನ್ನ ಹತ್ತಿರ ಬಂದವರೊಬ್ಬರ ಕಥೆ ಇದು. ಅವರ ವಯಸ್ಸು 38. ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ.

ಭಾನುವಾರ ಮಗ ಸೋಫಾ ಮೇಲೆ ಮಲಗಿ, ಕಾಲು ಗೋಡೆಗೆ ಚಾಚಿಕೊಂಡು ಕಾರ್ಟೂನ್ ನೋಡುತ್ತಿದ್ದ. ಹೋಮ್‌ವರ್ಕ್ ಮುಗಿದಿತ್ತು. ಇವರು ಹೋಗಿ ಎರಡೇಟು ಬಿಟ್ಟರು. ಆಮೇಲೆ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತರು. ಹೆಂಡತಿ ಹೇಳಿ ಕಳಿಸಿದ್ದಕ್ಕೆ ನನ್ನ ಹತ್ತಿರ ಬಂದರು. "ಅವನು ಏನೂ ತಪ್ಪು ಮಾಡಿರಲಿಲ್ಲ ಮೇಡಂ. ಸುಮ್ನೆ ಮಲಗಿದ್ದು ನೋಡಿ ಮೈ ಉರೀತು."

ಕುರ್ಚಿಯ ತುದಿಯಲ್ಲಿ ಕೂತಿದ್ದರು, ಬ್ಯಾಗ್ ತೊಡೆಯ ಮೇಲೇ. ಆರಾಮಾಗಿ ಒರಗಿಕೊಳ್ಳಿ ಅಂದೆ. ಆಗಲಿಲ್ಲ. ಸುಮ್ನೆ ಕೂತರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದಂತೆ. ಆಗ ಮನಸ್ಸಿಗೆ ಯಾವ ಮಾತು ಬರುತ್ತೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು. ಅಪ್ಪ ಹೇಳ್ತಿದ್ರು." ಅಪ್ಪ ಚಿಕ್ಕ ದಿನಸಿ ಅಂಗಡಿ ಇಟ್ಟಿದ್ದವರು. ತೀರಿಕೊಂಡು ವರ್ಷಗಳೇ ಆಗಿವೆ.

ಮನೋವಿಶ್ಲೇಷಣೆ ಎಂಬ ಚಿಕಿತ್ಸಾ ಪದ್ಧತಿ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ಮನಸ್ಸನ್ನು ಮೂರು ಭಾಗವಾಗಿ ವಿವರಿಸಿದರು. ಹುಟ್ಟಿನಿಂದಲೇ ಇರುವುದು ಇಡ್. ಅದಕ್ಕೆ ಬೇಕು ಅನ್ನಿಸಿದ್ದು ಈಗಲೇ ಬೇಕು. ಹೊರಗಿನ ಜಗತ್ತಿನ ಜೊತೆ ಹೊಂದಿಸಿಕೊಂಡು ಹೋಗುವುದು ಈಗೋ. ಇದು ಇಡ್ ಎಂಬ ಕುದುರೆಯ ಮೇಲೆ ಕೂತ ಸವಾರನಂತೆ ಎಂದು ಫ್ರಾಯ್ಡ್ ಅವರೇ ಹೇಳಿದ್ದಾರೆ. ಶಕ್ತಿಯೆಲ್ಲ ಕುದುರೆಯದು, ಲಗಾಮು ಮಾತ್ರ ಇವನದು. ಮೂರನೆಯದು ಸೂಪರ್ ಈಗೋ. ಐದಾರು ವರ್ಷದ ಹೊತ್ತಿಗೆ ಅಪ್ಪ ಅಮ್ಮನ ಕಟ್ಟುಪಾಡು, ಬೈಗುಳ, ಮೆಚ್ಚುಗೆ ಎಲ್ಲ ಮಗುವಿನೊಳಗೆ ಇಳಿದು ಅದರದೇ ಮಾತಾಗಿಬಿಡುತ್ತವೆ. ಆಮೇಲೆ ಬೈಯಲು ಅಪ್ಪ ಎದುರಿಗಿರಬೇಕಾಗಿಲ್ಲ. ಇದು ಕಿವಿಗೆ ಕೇಳುವ ದನಿಯಲ್ಲ, ಮನಸ್ಸಿನ ಮಾತು. ನಿಜವಾಗಿಯೂ ದನಿ ಕೇಳಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು.

ಫ್ರಾಯ್ಡ್ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಅವರ ಲೈಂಗಿಕ ಬೆಳವಣಿಗೆಯ ಹಂತಗಳಿಗೆ ಇಂದು ಗಟ್ಟಿ ಪುರಾವೆ ಇಲ್ಲ. 1922ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಕೂಡ ಈಡಿಪಸ್ ವಿಚಾರದಲ್ಲಿ (ಗಂಡುಮಗುವಿಗೆ ಅಮ್ಮನ ಮೇಲೆ ಸೆಳೆತ, ಅಪ್ಪನ ಜೊತೆ ಪೈಪೋಟಿ ಇರುತ್ತದೆ ಎಂಬ ಫ್ರಾಯ್ಡ್ ವಾದ) ತಮ್ಮ ಭಿನ್ನಾಭಿಪ್ರಾಯವನ್ನು ಫ್ರಾಯ್ಡ್‌ಗೇ ಬರೆದು ತಿಳಿಸಿದ್ದರು. ಆದರೆ ಒಳಗೆ ಕೂತು ಬೈಯುವ ಅಪ್ಪನನ್ನು ನನ್ನ ಕೋಣೆಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಇನ್ನೊಂದು ಎಳೆಯೂ ಇತ್ತು. ಆಫೀಸಿನಲ್ಲಿ ಮೇಲಿನವರು ಶನಿವಾರ ಸಂಜೆ ಫೋನ್ ಮಾಡಿ ಜಾಸ್ತಿ ಕೆಲಸ ಹೇರುತ್ತಿದ್ದರು. ಇವರು ಒಮ್ಮೆಯೂ ಆಗಲ್ಲ ಅಂದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ವಾ, ಅದನ್ನೇ ಮನೋವಿಶ್ಲೇಷಣೆ ಸ್ಥಾನಪಲ್ಲಟ ಎನ್ನುತ್ತದೆ. ಫ್ರಾಯ್ಡ್ ಮಗಳು ಆನಾ 1936ರಲ್ಲಿ ಇಂಥ ರಕ್ಷಣಾ ತಂತ್ರಗಳ, ಅಂದರೆ ಮನಸ್ಸು ನೋವು ಹೆದರಿಕೆಯಿಂದ ತನ್ನನ್ನು ಕಾಪಾಡಿಕೊಳ್ಳುವ ದಾರಿಗಳ, ಬಗ್ಗೆಯೇ ಒಂದು ಪುಸ್ತಕ ಬರೆದರು. ಇವು ಬೇಕೆಂದು ಮಾಡುವಂಥವಲ್ಲ. ತನಗೇ ತಿಳಿಯದಂತೆ ನಡೆಯುತ್ತವೆ. ಹಾಗಂತ ಏಟು ತಿಂದ ಮಗುವಿಗೆ ನೋವು ಕಡಿಮೆಯಾಗುವುದಿಲ್ಲ.

ನಾನು ಅವರಿಗೆ ಮೊದಲು ಹೇಳಿದ್ದು: ಇನ್ನು ಕೈ ಎತ್ತಬೇಡಿ. ಸಿಟ್ಟು ಬಂದರೆ ಆ ಕೋಣೆಯಿಂದ ಹೊರಗೆ ಬನ್ನಿ, ಇದು ಯಾರ ಮೇಲಿನ ಸಿಟ್ಟು ಎಂದು ಕೇಳಿಕೊಳ್ಳಿ. ಮಗನ ಹತ್ತಿರ ಕೂತು "ನಿನ್ನದೇನೂ ತಪ್ಪಿಲ್ಲ ಪುಟ್ಟಾ, ಹೊಡೆದದ್ದು ನನ್ನ ತಪ್ಪು" ಅನ್ನಿ. ಅವನಿಗೀಗ ಆರು. ನಿಮ್ಮ ಮಾತು ಅವನೊಳಗೆ ಮನೆ ಮಾಡುವ ವಯಸ್ಸು. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮನ್ನು ನೀವೇ ಬೈದುಕೊಳ್ಳುವ ಮಾತು ಬರೆಯಿರಿ, ಪಕ್ಕದಲ್ಲಿ ಅದು ಮೊದಲು ಯಾರ ಬಾಯಲ್ಲಿ ಬಂದದ್ದು ಅಂತಲೂ ಬರೆಯಿರಿ. ಭಾನುವಾರ ಅರ್ಧ ಗಂಟೆ ಮಗನ ಪಕ್ಕ ಸುಮ್ನೆ ಕೂತುಕೊಳ್ಳಿ. ತಪ್ಪು ಮಾಡಿದ ಹಾಗೆ ಅನ್ನಿಸಿದರೂ ಏಳಬೇಡಿ. ನಿದ್ದೆ ಕೆಟ್ಟರೆ, ಬದುಕು ಸಾಕು ಅನ್ನಿಸಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಮುಂದಿನ ಸಲ ನೋಟ್‌ಬುಕ್ ತಂದಿದ್ದರು. ಎರಡು ಪುಟದ ತುಂಬ 'ಅಪ್ಪ' ಎಂದೇ ಇತ್ತು. "ಹಾಗಾದ್ರೆ ಅಪ್ಪ ಮಾಡಿದ್ದು ತಪ್ಪಾ ಮೇಡಂ?" ಎಂದು ಕೇಳಿದರು. ಅಪ್ಪನಿಗೆ ಸಾಲವಿತ್ತು, ಒಂದು ದಿನ ಅಂಗಡಿ ಮುಚ್ಚಿದರೆ ಆವತ್ತಿನ ಅನ್ನಕ್ಕೇ ಕಷ್ಟ. ಅವರ ಹೆದರಿಕೆಗೆ ಕಾರಣವಿತ್ತು, ನಿಮಗೆ ತಿಂಗಳ ಸಂಬಳ ಬರುತ್ತೆ ಅಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ.

ಆಮೇಲೆ ಮಗನ ಮೇಲೆ ಕೈ ಮಾಡಿಲ್ಲ ಎಂದು ಹೆಂಡತಿಯೂ ಹೇಳಿದ್ದಾರೆ. ಶನಿವಾರದ ಫೋನಿಗೆ ಆಗಲ್ಲ ಅನ್ನುವುದು ಇನ್ನೂ ಬಾಕಿ ಇದೆ. ಈಗ ನಮ್ಮ ಮಾತೆಲ್ಲ ಅದರ ಬಗ್ಗೆಯೇ.