ಪ್ಲೇಟ್‌ಲೆಟ್ ಕಡಿಮೆಯೋ, ಎಣಿಕೆ ತಪ್ಪೋ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ. ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ 42,000 ಎಂದು ಬಂತು. ಆಪರೇಷನ್ ಮುಂದಕ್ಕೆ ಹೋಯಿತು. ಅದೇ ದಿನ ಇನ್ನೊಂದು ಲ್ಯಾಬ್‌ನಲ್ಲಿ 1,10,000. ಜ್ವರ ಇಲ್ಲ, ಎಲ್ಲೂ ರಕ್ತಸ್ರಾವ ಇಲ್ಲ. ಅತ್ತೆ ದಿನಾ ಪಪ್ಪಾಯಿ ಎಲೆ ರಸ ಕುಡಿಸುತ್ತಿದ್ದಾರೆ. ಯಾವ ರಿಪೋರ್ಟ್ ನಂಬಲಿ ಮೇಡಂ?
– ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ನೀವು ಕಳಿಸಿದ ಹಾಳೆಗಳನ್ನು ನೋಡಿದೆ. ಮೊದಲನೆಯದರ ಮೂಲೆಯಲ್ಲಿ ಮೆಷಿನ್ನೇ ‘ಪಿಎಲ್‌ಟಿ ಕ್ಲಂಪ್ಸ್?’ ಎಂದು ಕೇಳಿದೆ. ಅಂದರೆ, ಪ್ಲೇಟ್‌ಲೆಟ್‌ಗಳು ಅಂಟಿಕೊಂಡಿವೆಯೇನೋ, ನೋಡಿ ಅಂತ. ಯಾರೂ ನೋಡಿದ ಹಾಗಿಲ್ಲ. ಎರಡೂ ರಿಪೋರ್ಟ್‌ಗಳಲ್ಲಿ ಸ್ಮಿಯರ್, ಅಂದರೆ ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಎಳೆದು ಮೈಕ್ರೋಸ್ಕೋಪ್‌ನಲ್ಲಿ ನೋಡುವ ರಕ್ತದ ಹನಿ, ಅದರ ಬಗ್ಗೆ ಒಂದು ಸಾಲೂ ಇಲ್ಲ.

ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರೆ. ಸುಮಾರು ಸಾವಿರಕ್ಕೆ ಒಬ್ಬರ ರಕ್ತದಲ್ಲಿ ಆ ಇಡಿಟಿಎಯಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ಟ್ಯೂಬ್‌ನೊಳಗೆ ಮಾತ್ರ, ಮೈಯಲ್ಲಿ ಅಲ್ಲ. ಹೊತ್ತು ಹೋದಷ್ಟೂ ಜಾಸ್ತಿ. ಮೆಷಿನ್ ಕಣದ ಗಾತ್ರ ನೋಡಿ ಎಣಿಸುತ್ತದೆ. ಎಳ್ಳು ಕೊಟ್ಟರೆ ಎಣಿಸೀತು, ಎಳ್ಳುಂಡೆ ಕಟ್ಟಿ ಕೊಟ್ಟರೆ? ಕೆಲವೊಮ್ಮೆ ಆ ಉಂಡೆಗಳನ್ನು ಬಿಳಿ ರಕ್ತಕಣದ ಲೆಕ್ಕಕ್ಕೂ ಸೇರಿಸಿಬಿಡುತ್ತದೆ. ರಕ್ತ ತೆಗೆದು ಎಷ್ಟು ಹೊತ್ತಿಗೆ ಮೆಷಿನ್‌ಗೆ ಇಟ್ಟರು ಎನ್ನುವುದರ ಮೇಲೂ ಅಂಕಿ ಬದಲಾಗುತ್ತದೆ. ನಿಮ್ಮ ಎರಡು ಲ್ಯಾಬ್‌ಗಳ ವ್ಯತ್ಯಾಸ ಇದೇ ಇರಬಹುದು.

ಇಂಥ ಸ್ಲೈಡ್ ಬಂದರೆ ನಾನು ಮೊದಲು ನೋಡುವುದು ಸ್ಮಿಯರ್‌ನ ಬಾಲದ ಕಡೆ. ಗುಂಪುಗಳು ಅಲ್ಲಿಗೇ ತಳ್ಳಿಕೊಂಡು ಹೋಗಿ ಕೂತಿರುತ್ತವೆ. ನೇರಳೆ ಬಣ್ಣದ ಸಣ್ಣ ಚುಕ್ಕಿಗಳು, ಹತ್ತಿಪ್ಪತ್ತು ಒಟ್ಟಿಗೆ. ಕಂಡರೆ ಅರ್ಧ ಉತ್ತರ ಸಿಕ್ಕಂತೆ.

ಮೆಷಿನ್ ಮೇಲೆ ನನಗೇನೂ ಸಿಟ್ಟಿಲ್ಲ. ಒಂದೆರಡು ನಿಮಿಷದಲ್ಲಿ ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಮುಗಿಸುತ್ತದೆ, ಕೈಯಲ್ಲಿ ಎಣಿಸುತ್ತಿದ್ದುದಕ್ಕಿಂತ ಎಷ್ಟೋ ನಿಖರ. ಆದರೆ ಸಣ್ಣ ಊರುಗಳಿಗೆ ಮೆಷಿನ್ ಬಂದಷ್ಟು ಬೇಗ ಪೆಥಾಲಜಿಸ್ಟ್, ಅಂದರೆ ಸ್ಲೈಡ್ ನೋಡಿ ಹೇಳುವ ಡಾಕ್ಟರ್, ಬಂದಿಲ್ಲ. ಸ್ಲೈಡ್ ಸ್ಕ್ಯಾನ್ ಮಾಡಿ ದೂರದವರಿಗೆ ಕಳಿಸುವ ವ್ಯವಸ್ಥೆ ಈಗ ಬಂದಿದೆ, ಒಳ್ಳೆಯದೇ. ಸ್ಲೈಡ್ ಎಳೆಯಲು ಮಾತ್ರ ಒಬ್ಬರು ಕೂರಲೇಬೇಕಲ್ವಾ?

ನೀವು ಹೀಗೆ ಮಾಡಿ. ಪೆಥಾಲಜಿಸ್ಟ್ ಇರುವ ಲ್ಯಾಬ್‌ಗೆ ಹೋಗಿ ಸ್ಮಿಯರ್ ನೋಡಲು ಕೇಳಿ. ಇಡಿಟಿಎ ಬದಲು ಸಿಟ್ರೇಟ್ ದ್ರವ ಇರುವ ತಿಳಿನೀಲಿ ಮುಚ್ಚಳದ ಟ್ಯೂಬ್‌ನಲ್ಲೂ ರಕ್ತ ಕೊಡಿ, ತಡಮಾಡದೆ ಎಣಿಸಲಿ. ಆ ಟ್ಯೂಬ್‌ನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಇರುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಫಲಿತಾಂಶ 1.5 ಲಕ್ಷ ದಾಟಿದರೆ ಸರ್ಜನ್‌ಗೆ ತೋರಿಸಿ, ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಅಂಟಿಕೊಳ್ಳುತ್ತದೆ ಎಂದು ಅಮ್ಮನ ಫೈಲ್‌ನಲ್ಲಿ ದಪ್ಪಕ್ಷರದಲ್ಲಿ ಬರೆಸಿಡಿ. ಸಿಟ್ರೇಟ್‌ನಲ್ಲೂ ಕಡಿಮೆ ಬಂದು, ಸ್ಮಿಯರ್‌ನಲ್ಲಿ ಗುಂಪುಗಳೂ ಕಾಣದಿದ್ದರೆ ಕಾರಣ ಹುಡುಕಲೇಬೇಕು. ಒಸಡಿನಲ್ಲಿ ರಕ್ತ ಬಂದರೆ, ಕಾಲ ಮೇಲೆ ಕೆಂಪು ಚುಕ್ಕಿ ಎದ್ದರೆ ಇದಾವುದಕ್ಕೂ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಪಪ್ಪಾಯಿ ರಸ ಸದ್ಯ ನಿಲ್ಲಿಸಿ. ಟ್ಯೂಬ್‌ನೊಳಗಿನ ತೊಂದರೆಗೆ ಅಮ್ಮ ಯಾಕೆ ಕಹಿ ಕುಡಿಯಬೇಕು?