ಬಂದವರ ಮುಂದೆ ಚೆನ್ನಾಗೇ ಇರ್ತಾರೆ

(ಗುರುತು ಸಿಗದಂತೆ ಊರು, ಕಸುಬು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ತುಮಕೂರು ಕಡೆಯ ಗೃಹಿಣಿ, ವಯಸ್ಸು 38. ಗಂಡನಿಗೆ ಬೈಕ್ ಅಪಘಾತವಾಗಿ ನಾಲ್ಕು ವರ್ಷ. ಹೆಲ್ಮೆಟ್ ಹಾಕಿರಲಿಲ್ಲ. ಕೋಮಾ, ತಲೆಗೆ ಆಪರೇಷನ್, ತಿಂಗಳುಗಟ್ಟಲೆ ಫಿಸಿಯೋಥೆರಪಿ ಎಲ್ಲ ಆಗಿ ಈಗ ಓಡಾಡುತ್ತಾರೆ, ಮಾತಾಡುತ್ತಾರೆ. ಊರವರ ಲೆಕ್ಕದಲ್ಲಿ ಗುಣವಾಗಿದೆ.

“ಬಂದವರ ಮುಂದೆ ಚೆನ್ನಾಗೇ ಇರ್ತಾರೆ ಮೇಡಂ. ಅವರು ಗೇಟು ದಾಟಿದ ಮೇಲೆ ಶುರು. ಉಪ್ಪು ಕಮ್ಮಿ ಅಂತ ತಟ್ಟೆ ಎಸೀತಾರೆ, ಅರ್ಧ ಗಂಟೆಗೆ ಮರೆತು ಟೀ ಕೇಳ್ತಾರೆ. ಅತ್ತೆ ಹಳ್ಳಿಯಿಂದ ಬಂದು ಒಂದು ದಿನ ಇದ್ದು, ‘ನನ್ನ ಮಗ ಸರಿಯಾಗೇ ಇದಾನೆ, ನೀನೇ ಕೆಣಕ್ತೀಯ’ ಅಂದು ಹೋಗ್ತಾರೆ.”

ಅತ್ತೆ ಕಂಡದ್ದು ಸುಳ್ಳಲ್ಲ. ಕ್ಷೇಮಸಮಾಚಾರ ಕೇಳುವುದು, ಹಳೆಯ ಕಥೆ ಹೇಳುವುದು ರೂಢಿಯಿಂದ ಬರುವ ಮಾತು. ಹಣೆಯ ಹಿಂದಿನ ಮಿದುಳಿಗೆ ಪೆಟ್ಟು ಬಿದ್ದವರಲ್ಲೂ ಅದು ಉಳಿದಿರಬಹುದು. ಕೆಡುವುದು ಸಿಟ್ಟಿಗೆ ಹಾಕುವ ತಡೆ, ಮುಂದಿನದನ್ನು ಯೋಚಿಸಿ ಮಾಡುವ ಶಕ್ತಿ. ತನ್ನಲ್ಲಿ ಏನು ಬದಲಾಗಿದೆ ಎಂದು ಗಮನಿಸುವ ಶಕ್ತಿಯೂ ಪೆಟ್ಟು ತಿಂದಿರುತ್ತದೆ, ಹಾಗಾಗಿ ‘ನನಗೇನಾಗಿದೆ?’ ಎಂದು ಅವರು ಕೇಳುವುದು ಹಟವಲ್ಲ. ನೆಂಟರೆದುರು ಸರಿಯಾಗಿರಲು ಮಿದುಳು ಪಟ್ಟ ಶ್ರಮದ ದಣಿವು ಸಂಜೆ ಮನೆಯವರ ಮೇಲೆ ಇಳಿಯುತ್ತದೆ.

ಅದಕ್ಕೇ ಹೇಳಿದೆ: ಜನ ಬಂದುಹೋದ ಮೇಲೆ ಒಂದು ಗಂಟೆ ಟಿವಿ ಬೇಡ, ಪ್ರಶ್ನೆ ಬೇಡ, ಕೋಣೆಯಲ್ಲಿ ಮಲಗಲಿ. ಒಮ್ಮೆಗೆ ಒಂದೇ ಮಾತು ಹೇಳಿ. ದಿನದ ಕೆಲಸ ಗೋಡೆಯ ಬೋರ್ಡಿನಲ್ಲಿರಲಿ. ಸಿಟ್ಟು ಏರಿದಾಗ ಯಾರು ಸರಿ ಎಂಬ ವಾದಕ್ಕಿಳಿಯಬೇಡಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಾಮ್ ಕೆಲವರಲ್ಲಿ ಸಿಡುಕು ಹೆಚ್ಚಿಸುತ್ತದೆ; ಇವರೂ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ನರರೋಗ ತಜ್ಞರನ್ನು ಕೇಳಿ ಎಂದೆ. ವೈದ್ಯರು ಮಾತ್ರೆ ಬದಲಿಸಿದರು, ಸಿಟ್ಟು ಪೂರ್ತಿ ಹೋಗದಿದ್ದರೂ ತಗ್ಗಿತು.

ಎರಡನೇ ಭೇಟಿಯಲ್ಲಿ ಆಕೆ ತಮ್ಮ ತೋಳಿನ ಮೇಲಿನ ಕಲೆ ತೋರಿಸಿದರು. ಹಾನಿಯಾದ ಮಿದುಳು ಆ ಸಿಟ್ಟಿಗೆ ಕಾರಣ ಕೊಡುತ್ತದೆ, ಏಟು ತಿನ್ನಬೇಕೆಂಬ ಕಟ್ಟಳೆ ಕೊಡುವುದಿಲ್ಲ. ಕೈ ಎತ್ತಿದ ಕ್ಷಣ ಮಗನೊಂದಿಗೆ ಪಕ್ಕದ ಮನೆಗೆ ಹೋಗಿ, ಮರುದಿನವೇ ವೈದ್ಯರಿಗೆ ತಿಳಿಸಬೇಕೆಂದು ಗಟ್ಟಿಯಾಗಿ ಹೇಳಿದೆ. ಒಂಬತ್ತನೇ ಕ್ಲಾಸಿನ ಮಗ ಗೆಳೆಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದ. ‘ಅಪ್ಪನ ಸಿಟ್ಟಿಗೆ ನಿನ್ನ ತಪ್ಪು ಕಾರಣವಲ್ಲ’ ಎಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಆಕೆಯನ್ನು ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತಿದ್ದದ್ದು ಬೇರೆ. “ಇವರು ನಾನು ಮದುವೆಯಾದವರಲ್ಲ ಅನ್ಸತ್ತೆ. ಅತ್ತರೆ ‘ಕುಂಕುಮ ಉಳೀತಲ್ಲ, ಪುಣ್ಯ ಅನ್ಕೋ’ ಅಂತಾರೆ.” ಸತ್ತವರಿಗಾಗಿ ಅಳಲು ನಮ್ಮಲ್ಲಿ ದಿನಗಳಿವೆ, ಬಂದು ಕೂರುವ ಬಂಧುಗಳಿದ್ದಾರೆ. ಎದುರಿಗೇ ಕೂತಿರುವವರೊಳಗಿನ ಹಳೆಯ ಮನುಷ್ಯನಿಗಾಗಿ ಅಳುವವರಿಗೆ ಅದೊಂದೂ ಇಲ್ಲ. ಆ ದುಃಖ ಅಪಶಕುನವಲ್ಲ, ಗಂಡನಿಗೆ ಬಗೆಯುವ ದ್ರೋಹವೂ ಅಲ್ಲ. ನನ್ನ ಕೋಣೆಯಲ್ಲಿ ಅವರು ಮನಸಾರೆ ಅತ್ತರು.

ಆಮೇಲೆ ಅತ್ತೆಯನ್ನೂ ಕರೆಸಿದೆ. ತಮ್ಮ ಮಗನೊಂದಿಗೆ ಹತ್ತು ದಿನ ಅವರೇ ಇರುವುದು, ರಾತ್ರಿ ಮೈದುನ ಬಂದು ಮಲಗುವುದು, ಸೊಸೆ ತವರಿಗೆ ಹೋಗುವುದು ಎಂದು ತೀರ್ಮಾನವಾಯಿತು. ಅತ್ತೆ ಕ್ಷಮೆ ಕೇಳಲಿಲ್ಲ. ಆದರೆ ‘ಕೆಣಕ್ತೀಯ’ ಎಂಬ ಮಾತು ನಿಂತಿತು, ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇರುತ್ತಾರೆ.

ಗಂಡ ಇನ್ನೂ ಸುಧಾರಿಸುತ್ತಾರಾ ಎಂದು ಆಕೆ ಕೇಳಿದರು. ದೊಡ್ಡ ಚೇತರಿಕೆ ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷಗಳಲ್ಲೇ ಆಗುತ್ತದೆ, ಆಮೇಲಿನದು ಅಭ್ಯಾಸದಿಂದ ಬರುವ ಸಣ್ಣ ಗಳಿಕೆ ಎಂದು ಮುಚ್ಚಿಡದೆ ಹೇಳಿದೆ. ಗಂಡ ನಡೆಸುತ್ತಿದ್ದ ಅಂಗಡಿಯನ್ನು ಅವರಿಗೇ ಮರಳಿ ಬಿಡಬೇಕೆಂಬ ಆಸೆ ಕೈಬಿಟ್ಟು ಬಾಡಿಗೆಗೆ ಕೊಟ್ಟಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಿದುಳಿನ ಪೆಟ್ಟಿಗೆ ಪ್ರತ್ಯೇಕ ಹೆಸರಿಲ್ಲ; ಉಳಿದಿರುವ ಕೊರತೆ ಯಾವ ಬಗೆಗೆ ಸೇರುತ್ತದೋ ಅದರಡಿ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಅರ್ಜಿ ಹಾಕಲು ಹೇಳಿದ್ದೇನೆ. ರಾತ್ರಿ ತಡೆಯಲಾಗದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವವರೂ ತಮ್ಮ ಸಂಕಟಕ್ಕಾಗಿಯೇ ಕರೆ ಮಾಡಬಹುದು.