ಓದುಗರ ಪ್ರಶ್ನೆಗೆ ಉತ್ತರ: ಅಂಗಡಿ, ಬಿಶಿ ಮತ್ತು ಊರಿನ ಋಣ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಲ್ಯಾಟಿನೊ ವ್ಯಾಪಾರಸ್ಥರ, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದವರ ಬಗ್ಗೆ ಬರೆದಿದ್ದೆ. ನನ್ನ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ಅವಳ ಮನೆಯಲ್ಲಿದ್ದಾಗ ಊರಿನ ಪೂರ್ವ ಭಾಗದ ಮೆಕ್ಸಿಕನ್ ಅಂಗಡಿಗಳಿಗೆ ಸಾಮಾನು ತರಲು ಹೋಗುತ್ತಿದ್ದೆ. ಅಲ್ಲಿ ಕಂಡದ್ದು, ಆಮೇಲೆ ಓದಿ ತಿಳಿದದ್ದು ಆ ಲೇಖನದಲ್ಲಿತ್ತು. ಅದಕ್ಕೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಸಹಕಾರಿ ಸಂಘವೊಂದರ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹಾಗಾಗಿ ದುಡ್ಡಿನ ಪ್ರಶ್ನೆ ಬಂದ ಕಡೆ ಉತ್ತರ ಉದ್ದವಾಗಿದೆ.

ಪ್ರಶ್ನೆ: ಲ್ಯಾಟಿನೊ ಅಂದರೆ ಒಂದೇ ಜನಾಂಗವೇ? ಎಲ್ಲರೂ ಮೆಕ್ಸಿಕೊದಿಂದ ಬಂದವರಾ?
(ವಿದ್ಯಾರ್ಥಿನಿ, ಯಲ್ಲಾಪುರ)

ಮೆಕ್ಸಿಕೊ ಮೂಲದವರೇ ಜಾಸ್ತಿ, ಅದು ನಿಜ. ಆದರೆ ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಕೊಲಂಬಿಯಾ ಮೂಲದವರೂ ಇದ್ದಾರೆ. ಬಿಳಿಯರು, ಕರಿಯರು, ಅಲ್ಲಿನ ಮೂಲನಿವಾಸಿಗಳು, ಎಲ್ಲ ಬೆರೆತವರು, ಹೀಗೆ ಎಲ್ಲರೂ ಸೇರಿದ ಗುಂಪು ಅದು. ಎಲ್ಲರೂ ವಲಸೆ ಬಂದವರು ಅನ್ನುವಂತೆಯೂ ಇಲ್ಲ. ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪದವರಿಗೆ 1917ರಲ್ಲೇ ಅಮೆರಿಕದ ಪೌರತ್ವ ಸಿಕ್ಕಿತು. ಟೆಕ್ಸಾಸ್, ನ್ಯೂ ಮೆಕ್ಸಿಕೊ ಕಡೆಯ ಕೆಲವು ಕುಟುಂಬಗಳು ತಲೆತಲಾಂತರದಿಂದ ಅಲ್ಲೇ ಇದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಆ ನೆಲ ಮೆಕ್ಸಿಕೊದಿಂದ ಅಮೆರಿಕದ ಕೈಗೆ ಹೋದಾಗ ಗಡಿಯೇ ಅವರನ್ನು ದಾಟಿ ಹೋಯಿತು.

1980ರ ಜನಗಣತಿಯಲ್ಲಿ ಮೊದಲ ಸಲ ಅಮೆರಿಕದ ಪ್ರತಿ ಮನೆಗೂ 'ನೀವು ಸ್ಪ್ಯಾನಿಷ್ ಅಥವಾ ಹಿಸ್ಪಾನಿಕ್ ಮೂಲದವರಾ' ಅನ್ನುವ ಪ್ರಶ್ನೆ ಹೋಯಿತು. ಎಲ್ಲರನ್ನೂ ಒಂದೇ ಗುಂಪಾಗಿ ಎಣಿಸಿದಾಗ ರಾಜಕೀಯದವರಿಗೂ ಜಾಹೀರಾತಿನವರಿಗೂ ಅವರು ದೊಡ್ಡದಾಗಿ ಕಾಣತೊಡಗಿದರು. 2020ರ ಗಣತಿಯಲ್ಲಿ ಅವರು 6.2 ಕೋಟಿ, ಅಂದರೆ ನೂರಕ್ಕೆ ಸುಮಾರು 19 ಜನ. ಅಷ್ಟಾದರೂ ಮನೆಯೊಳಗೆ ಬಹಳ ಜನ ಮೊದಲು ಕ್ಯೂಬನ್, ಮೊದಲು ಡೊಮಿನಿಕನ್. ನಿಮ್ಮ ಯಲ್ಲಾಪುರದಲ್ಲೇ ಸಿದ್ದಿಯರು, ಹವ್ಯಕರು, ಕುಣಬಿಯರು, ಗೌಳಿಗರು ಇದ್ದಾರೆ. ಬೆಂಗಳೂರಿಗೆ ಹೋದರೆ ಎಲ್ಲರೂ ಸುಮ್ನೆ 'ಆ ಕಡೆಯವರು'. ಒಟ್ಟಿಗೆ ಕೇಳಬೇಕಾದದ್ದು ಇದ್ದಾಗ ಆ ದೊಡ್ಡ ಹೆಸರು ಬೇಕಾಗುತ್ತದೆ. ಸರ್ಕಾರದ ಮುಂದೆ ಅಂಥ ಹೆಸರಿಗೆ ಬೆಲೆ ಇದೆ.

ಪ್ರಶ್ನೆ: ನಾವು ಮೀನು ಮಾರುವ ಹೆಂಗಸರು. ಬೈತಖೋಲದ ಮೀನು ಬಂದರಿನಲ್ಲಿ ಹರಾಜು ಹಿಡಿಯಲು ಬೆಳಿಗ್ಗೆ ಕೈಸಾಲ ಮಾಡಿ, ಸಂಜೆ ಬಡ್ಡಿ ಸೇರಿಸಿ ಕೊಡುತ್ತೇವೆ. ನಮ್ಮೊಳಗೆ ಬಿಶಿಯೂ (ಕೈಚೀಟಿ) ಇದೆ. ಬ್ಯಾಂಕಿಗೆ ಹೋದರೆ ನಿಮ್ಮ ಸಾಲದ ದಾಖಲೆ ಏನೂ ಇಲ್ಲ ಅನ್ನುತ್ತಾರೆ. ಆ ಮೆಕ್ಸಿಕೊದವರಿಗೆ ಅಂಗಡಿ ಹಾಕಲು ದುಡ್ಡು ಎಲ್ಲಿಂದ ಬಂತು?
(ಮಗಳ ಕೈಯಲ್ಲಿ ಬರೆಸಿದ ಪತ್ರ, ಕಾರವಾರ)

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅವರಲ್ಲೂ ಎಷ್ಟೋ ಜನರಿಗೆ ದುಡ್ಡು ಬಿಶಿಯಿಂದಲೇ ಬಂತು.

ಮೆಕ್ಸಿಕೊದವರು ಅದನ್ನು ತಾಂಡಾ ಅನ್ನುತ್ತಾರೆ. ಹತ್ತು ಜನ ಸೇರಿ ತಿಂಗಳಿಗೆ ಇಷ್ಟು ಅಂತ ಹಾಕುತ್ತಾರೆ. ಪ್ರತಿ ತಿಂಗಳು ಒಬ್ಬರಿಗೆ ಪೂರ್ತಿ ಗಂಟು. ಬಡ್ಡಿ ಇಲ್ಲ, ಕಾಗದ ಇಲ್ಲ. ಟಾಕೊ (ರೊಟ್ಟಿಯಲ್ಲಿ ಪಲ್ಯ, ಮಾಂಸ ಮಡಚಿ ಕೊಡುವ ತಿಂಡಿ) ಮಾರುವ ಗಾಡಿ, ಹೊಲಿಗೆ ಮಿಷನ್, ಹುಲ್ಲು ಕತ್ತರಿಸುವ ಯಂತ್ರ ಎಷ್ಟೋ ಮನೆಗೆ ಬಂದದ್ದು ಹೀಗೆ. ಅವರ ಕಷ್ಟವೂ ನಿಮ್ಮದೇ. ಅಮೆರಿಕದಲ್ಲಿ ಸಾಲದ ಅಂಕ, ಅಂದರೆ ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಕ್ರೆಡಿಟ್ ಸ್ಕೋರ್, ಇಲ್ಲದಿದ್ದರೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಮನೆ ಬಾಡಿಗೆಗೆ ಹಿಡಿಯುವಾಗಲೂ ಅದನ್ನೇ ಕೇಳುತ್ತಾರೆ. ತಾಂಡಾದಲ್ಲಿ ಒಂದು ಕಂತೂ ತಪ್ಪಿಸದೆ ಕಟ್ಟಿದ ಹೆಂಗಸು ಬ್ಯಾಂಕಿನ ಕಣ್ಣಿಗೆ ಬೀಳುವುದೇ ಇಲ್ಲ.

ಈ ಗೋಡೆಗೆ ಬಾಗಿಲು ಮಾಡಿದವರು ಸ್ಯಾನ್ ಫ್ರಾನ್ಸಿಸ್ಕೊದ ಹೋಸೆ ಕಿನ್ಯೋನೆಸ್. ಚಿಕ್ಕಂದಿನಲ್ಲೇ ತಂದೆ ತಾಯಿ ಕಳೆದುಕೊಂಡು ಮೆಕ್ಸಿಕೊದ ಡುರಾಂಗೊದಿಂದ ಬಂದವರು. ನಗರದ ಮಿಷನ್ ಪ್ರದೇಶದಲ್ಲಿ ಜೀನ್ಸ್ ಮಾಡುವ ಲೀವೈಸ್ ಕಂಪನಿಯ ಒಂದು ಕಾರ್ಖಾನೆ ಮುಚ್ಚಿತು. ಆಗ ಆ ಬಡಾವಣೆಗೆ ಅಂತ ಸುಮಾರು 10 ಲಕ್ಷ ಡಾಲರ್ ಸಿಕ್ಕಿತು. ಅದರಿಂದ 2007ರಲ್ಲಿ ಮಿಷನ್ ಅಸೆಟ್ ಫಂಡ್ ಅನ್ನುವ ಸಂಸ್ಥೆ ಹುಟ್ಟಿತು. ಕಿನ್ಯೋನೆಸ್ ಹೊಸ ಯೋಜನೆ ಕಂಡುಹಿಡಿಯಲು ಹೋಗಲಿಲ್ಲ. ಹೆಂಗಸರು ನಡೆಸುತ್ತಿದ್ದ ತಾಂಡಾವನ್ನೇ ಎತ್ತಿಕೊಂಡರು. ಒಂದು ಸಹಿ, ಒಂದು ಲೆಕ್ಕಪುಸ್ತಕ ಸೇರಿಸಿದರು. ಪ್ರತಿ ಕಂತನ್ನೂ ಸಾಲದ ಅಂಕ ಬರೆಯುವ ಸಂಸ್ಥೆಗಳಿಗೆ ವರದಿ ಮಾಡಿದರು. ಅಷ್ಟೇ. ಆ ಹೆಂಗಸರ ಹೆಸರಿನ ಮುಂದೆ ಮೊದಲ ಸಲ ಒಂದು ಅಂಕ ಬಂತು. 2014ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಬಡ್ಡಿಯಿಲ್ಲದ ಇಂಥ ಸಣ್ಣ ಸಾಲಕ್ಕೆ ಕಾನೂನಿನಲ್ಲೇ ಜಾಗ ಮಾಡಿಕೊಟ್ಟಿತು. 2016ರಲ್ಲಿ ಕಿನ್ಯೋನೆಸ್ ಅವರಿಗೆ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

ನನಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ನಮ್ಮ ಕೌಂಟರಿಗೆ ನಿಮ್ಮಂಥವರು ಬರುತ್ತಿದ್ದರು. ಇಡೀ ಪೇಟೆಯಲ್ಲಿ ಇವರಷ್ಟು ಸರಿಯಾಗಿ ಸಾಲ ತೀರಿಸುವವರು ಇಲ್ಲ ಅಂತ ನನಗೆ ಗೊತ್ತಿತ್ತು. ಅರ್ಜಿಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ನೀವು ಮಾಡಬಹುದಾದದ್ದು ಹೇಳುತ್ತೇನೆ. ಬಿಶಿ ಇಟ್ಟುಕೊಳ್ಳಿ, ಅದನ್ನು ಬಿಡಬೇಡಿ. ಆದರೆ ಗಂಟು ದೊಡ್ಡದಾಗಲು ಬಿಡಬೇಡಿ, ಹೊರಗಿನವರನ್ನು ಸೇರಿಸಬೇಡಿ. ನಮ್ಮಲ್ಲಿ ಚೀಟಿ ವ್ಯವಹಾರಕ್ಕೆ 1982ರ ಕಾಯ್ದೆ ಇದೆ. ದೊಡ್ಡ ಮೊತ್ತವಾದರೆ ನೋಂದಣಿ ಬೇಕು. ಅದರ ಪಕ್ಕದಲ್ಲೇ ಸ್ವಸಹಾಯ ಸಂಘ ಮಾಡಿ ಬ್ಯಾಂಕ್ ಖಾತೆ ತೆರೆಯಿರಿ. ಕೃಷಿ ಮತ್ತು ಹಳ್ಳಿಗಳ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದ್ದೇ ನಿಮ್ಮಂಥವರಿಗಾಗಿ. ಸಂಘದ ಮೊದಲ ಸಾಲ ಸಣ್ಣದಿರಲಿ. ಅದನ್ನು ತೀರಿಸಿದ ದಾಖಲೆ ಉಳಿಯುತ್ತದೆ. ನಗರಸಭೆಯಿಂದ ಬೀದಿ ವ್ಯಾಪಾರಿಯ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಅದಿದ್ದರೆ ಬೀದಿ ವ್ಯಾಪಾರಿಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಸ್ವನಿಧಿ ಸಾಲಕ್ಕೆ ಅಡಮಾನ ಇಲ್ಲದೆ ಅರ್ಜಿ ಹಾಕಬಹುದು. ಬೆಳಗಿನ ಕೈಸಾಲದ ಬಡ್ಡಿಯನ್ನು ಒಂದು ವಾರ ಬರೆದಿಡಿ. ಮಗಳಿಗೆ ಹೇಳಿ ವರ್ಷಕ್ಕೆ ಎಷ್ಟಾಯಿತು ಅಂತ ಲೆಕ್ಕ ಹಾಕಿಸಿ. ಆ ಕಾಗದವನ್ನೇ ಬ್ಯಾಂಕ್ ಮ್ಯಾನೇಜರ್ ಮುಂದೆ ಇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಕಡೆಯ ತಿಂಡಿ, ಉಪ್ಪಿನಕಾಯಿ ಮಾರುವ ಸಣ್ಣ ಉದ್ಯಮ ಶುರು ಮಾಡಿದ್ದೇನೆ. 'ಸಿರ್ಸಿ' ಅಂತ ಹೆಸರಲ್ಲಿ ಇಟ್ಟರೆ ಗಿರಾಕಿ ಕಡಿಮೆ ಆಗುತ್ತಾರೆ, ಎಲ್ಲರಿಗೂ ಒಪ್ಪುವ ಹೆಸರು ಇಡು ಅಂತ ಪಾಲುದಾರ ಹೇಳುತ್ತಾನೆ.
(ಯುವ ಓದುಗ, ಸಿರ್ಸಿ)

ನಿಮ್ಮ ಪಾಲುದಾರನ ಮಾತು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಹ್ಯೂಸ್ಟನ್‌ನ ನಿನ್ಫಾ ಲೊರೆನ್ಸೊ ಅವರ ಕಥೆ ನೋಡಿ. ಗಂಡ 1969ರಲ್ಲಿ ತೀರಿಕೊಂಡರು. ಟೊರ್ಟಿಯಾ (ಮೆಕ್ಸಿಕೊದ ತೆಳು ರೊಟ್ಟಿ) ಮಾಡುವ ಕಾರ್ಖಾನೆ ಮುಳುಗುತ್ತಿತ್ತು, ಮನೆ ತುಂಬ ಮಕ್ಕಳು. 1973ರಲ್ಲಿ ಕಾರ್ಖಾನೆಯ ಮುಂಭಾಗದಲ್ಲೇ ಹತ್ತು ಮೇಜು ಹಾಕಿ ಹೋಟೆಲ್ ತೆರೆದರು. ಆಗ ಟೆಕ್ಸಾಸ್‌ನಲ್ಲಿ ಮೆಕ್ಸಿಕನ್ ಊಟ ಅಂದರೆ ಚೀಸ್ ಸುರಿದ, ಬಿಳಿಯರ ನಾಲಿಗೆಗೆ ಒಗ್ಗಿಸಿದ ಊಟ. ನಿನ್ಫಾ ಕೆಂಡದ ಮೇಲೆ ಸುಟ್ಟ ಮಾಂಸವನ್ನು ಬಿಸಿ ಟೊರ್ಟಿಯಾದಲ್ಲಿ ಸುತ್ತಿ ಕೊಟ್ಟರು. ಹೋಟೆಲಿಗೆ ತಮ್ಮ ಹೆಸರನ್ನೇ ಇಟ್ಟರು. ಫಹೀತಾ ಅನ್ನುವ ಈ ತಿಂಡಿ ಅಮೆರಿಕದ ತುಂಬ ಹಬ್ಬಿದ್ದರಲ್ಲಿ ಆ ಹೋಟೆಲಿನ ಪಾಲು ದೊಡ್ಡದು.

ಅಮೆರಿಕದ ಆಹಾರ ಕಂಪನಿ ಗೋಯಾದ್ದು ಇನ್ನೊಂದು ದಾರಿ. 1936ರಲ್ಲಿ ಸ್ಪೇನ್ ಮೂಲದ ದಂಪತಿ ಪ್ರುಡೆನ್ಸಿಯೊ ಉನಾನ್ವೆ ಮತ್ತು ಕರೋಲಿನಾ ಕಸಲ್ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಆಲಿವ್, ಎಣ್ಣೆ, ಸಾರ್ಡಿನ್ ಮೀನು ಮಾರುತ್ತಿದ್ದರು. ಪೋರ್ಟೊ ರಿಕೊದವರು ಬಂದಾಗ ಅವರಿಗೆ ಬೇಕಾದ ಕಾಳು ತಂದರು. ಕ್ಯೂಬನ್ನರು ಬಂದಾಗ ಕಪ್ಪು ಕಾಳು. ಹೀಗೆ ಯಾವ ಬಡಾವಣೆಗೆ ಯಾವ ಕಾಳು ಅಂತ ಕಂಪನಿ ಕಲಿತುಕೊಂಡಿತು. ಎಲ್ಲರಿಗೂ ಒಂದೇ ಕಾಳು ಮಾರಿದ್ದರೆ ಅಷ್ಟು ಬೆಳೆಯುತ್ತಿರಲಿಲ್ಲ.

ನೀವು ಅಪ್ಪೆಮಿಡಿಗೆ ಅಪ್ಪೆಮಿಡಿ ಅಂತಲೇ ಬರೆಯಿರಿ. ತೊಡದೇವನ್ನು 'ಸ್ವೀಟ್ ಕ್ರೇಪ್' ಅನ್ನಬೇಡಿ, ದಯವಿಟ್ಟು.

ಒಂದು ಎಚ್ಚರಿಕೆ ಇದೆ. ಮೆಕ್ಸಿಕೊದ ಮಿಚೊಆಕಾನ್ ರಾಜ್ಯದಲ್ಲಿ ತೊಕುಂಬೊ ಅನ್ನುವ ಚಿಕ್ಕ ಊರಿದೆ. ಅಲ್ಲಿಂದ ಹೊರಟವರು ಹಣ್ಣಿನ ಐಸ್‌ಕ್ಯಾಂಡಿ ಅಂಗಡಿಗಳನ್ನು ದೇಶದ ತುಂಬ, ಆಮೇಲೆ ಅಮೆರಿಕದಲ್ಲೂ ಹಾಕಿದರು. ಊರಿನ ಬಾಗಿಲಲ್ಲೇ ದೊಡ್ಡ ಐಸ್‌ಕ್ಯಾಂಡಿಯ ಸ್ಮಾರಕವಿದೆ. ಬಹಳ ಅಂಗಡಿಗಳ ಹೆಸರು 'ಲಾ ಮಿಚೊಆಕಾನಾ'. ಹೆಸರು ಯಾರದ್ದು ಅಂತ ಮೊದಲೇ ತೀರ್ಮಾನ ಆಗಿರಲಿಲ್ಲ. ಕೊನೆಗೆ ಅದು ಅಮೆರಿಕದ ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳವಾಯಿತು. ನಿಮ್ಮ ಬ್ರ್ಯಾಂಡ್ ಹೆಸರನ್ನು ಈಗಲೇ ಟ್ರೇಡ್‌ಮಾರ್ಕ್ ಮಾಡಿಸಿ. 'ಸಿರ್ಸಿ' ಮಾತ್ರ ನಿಮ್ಮೊಬ್ಬರದ್ದಾಗುವುದಿಲ್ಲ. ಸಿರ್ಸಿ ಅಡಿಕೆಗೆ 2019ರಲ್ಲಿ ಜಿಐ (ಊರಿನ ಹೆಸರಿನ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಬಂದದ್ದು ಇಲ್ಲಿನ ಎಲ್ಲ ಬೆಳೆಗಾರರಿಗಾಗಿ.

ಪ್ರಶ್ನೆ: ಸಮುದಾಯದ ಒಬ್ಬರು ವ್ಯಾಪಾರದಲ್ಲಿ ಮೇಲೆ ಬಂದರೆ ಅವರನ್ನೇ ನಾಯಕರು ಅಂತ ಎಲ್ಲ ಕಡೆ ಕೂರಿಸುತ್ತೇವೆ. ಅದು ಸರಿಯಾ?
(ಶಿಕ್ಷಕಿ, ಅಂಕೋಲಾ)

ಇಬ್ಬರು ಹೆಂಗಸರ ಬಗ್ಗೆ ಹೇಳುತ್ತೇನೆ.

ರೊಮಾನಾ ಅಕೋಸ್ಟಾ ಬನ್ಯುಯೆಲೋಸ್ 1925ರಲ್ಲಿ ಅರಿಜೋನಾದಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಆದರೂ 1930ರ ದಶಕದ ಆರ್ಥಿಕ ಕುಸಿತದಲ್ಲಿ ಮೆಕ್ಸಿಕೊ ಮೂಲದವರನ್ನು ಹೊರಗೆ ಕಳಿಸಿದಾಗ ಇವರ ಕುಟುಂಬವೂ ಹೋಗಬೇಕಾಯಿತು. ಎರಡು ಮಕ್ಕಳನ್ನು ಕಟ್ಟಿಕೊಂಡು ಲಾಸ್ ಏಂಜಲೀಸಿಗೆ ವಾಪಸ್ ಬಂದರು. 1949ರಲ್ಲಿ 400 ಡಾಲರ್ ಕೂಡಿಸಿ ಚಿಕ್ಕಮ್ಮನ ಜೊತೆ ಟೊರ್ಟಿಯಾ ಕೆಲಸ ಶುರು ಮಾಡಿದರು. ಅದು ದೊಡ್ಡ ಆಹಾರ ಕಂಪನಿಯಾಯಿತು. ಆಮೇಲೆ ಮಾಡಿದ್ದು ನನಗೆ ಹೆಚ್ಚು ಮುಖ್ಯ. 1960ರ ದಶಕದಲ್ಲಿ ಇನ್ನೂ ಕೆಲವರ ಜೊತೆ ಸೇರಿ ಪೂರ್ವ ಲಾಸ್ ಏಂಜಲೀಸಿನಲ್ಲಿ ಪ್ಯಾನ್ ಅಮೆರಿಕನ್ ನ್ಯಾಷನಲ್ ಬ್ಯಾಂಕ್ ಕಟ್ಟಿದರು. ಬೇರೆ ಬ್ಯಾಂಕಿನಲ್ಲಿ ಸಾಲ ಸಿಗದ ತಮ್ಮ ಜನರಿಗಾಗಿ. 1971ರಲ್ಲಿ ಅಧ್ಯಕ್ಷ ನಿಕ್ಸನ್ ಇವರನ್ನು ದೇಶದ ಖಜಾಂಚಿ ಮಾಡಿದರು. ಒಂದು ಕಾಲಕ್ಕೆ ಹೊರಗೆ ಹಾಕಿಸಿಕೊಂಡ ಹೆಣ್ಣುಮಗಳ ಸಹಿ ಡಾಲರ್ ನೋಟಿನ ಮೇಲೆ ಬಂತು. ಅದೇ ವರ್ಷ ಅವರ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳ ದಾಳಿಯೂ ಆಯಿತು. ಕಾಗದಪತ್ರ ಇಲ್ಲದ ಕೆಲಸಗಾರರು ಸಿಕ್ಕರು. ಅದನ್ನೂ ಸೇರಿಸಿಯೇ ಅವರ ಕಥೆ ಹೇಳಬೇಕು.

ಇನ್ನೊಬ್ಬರು ಡೊಲೊರೆಸ್ ಹುಯೆರ್ತಾ. ಅವರ ತಾಯಿ ಅಲಿಸಿಯಾ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ 70 ಕೋಣೆಗಳ ಹೋಟೆಲ್ ನಡೆಸುತ್ತಿದ್ದರು. ಹೊಲದ ಕೂಲಿಗಳಿಗೆ ಕಡಿಮೆ ಬಾಡಿಗೆ. ಎಷ್ಟೋ ಸಲ ಬಾಡಿಗೆ ಕೇಳುತ್ತಲೇ ಇರಲಿಲ್ಲ. ಮಗಳು ನಿಮ್ಮ ಹಾಗೆ ಶಿಕ್ಷಕಿಯಾದರು. ಹಸಿದು, ಬರಿಗಾಲಲ್ಲಿ ಬರುವ ಕೂಲಿಗಳ ಮಕ್ಕಳಿಗೆ ಪಾಠ ಹೇಳಿ ಏನು ಮಾಡಲಿ ಅಂತ ಕೆಲಸ ಬಿಟ್ಟರು. 1962ರಲ್ಲಿ ಸೀಸರ್ ಚಾವೆಸ್ ಜೊತೆ ಕೂಲಿಕಾರರ ಸಂಘ ಕಟ್ಟಿದರು. 1965ರಲ್ಲಿ ಡೆಲಾನೊದ ದ್ರಾಕ್ಷಿ ತೋಟಗಳಲ್ಲಿ ಲ್ಯಾರಿ ಇಟ್ಲಿಯೊಂಗ್ ಮುಂದಾಳತ್ವದ ಫಿಲಿಪೀನ್ಸ್ ಮೂಲದ ಕೂಲಿಗಳು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಇವರ ಸಂಘವೂ ಸೇರಿಕೊಂಡಿತು. ಬೇರೆ ಭಾಷೆ, ಬೇರೆ ದೇಶದ ಜನ, ಒಂದೇ ತೋಟ. ಐದು ವರ್ಷ ಹೋರಾಡಿ 1970ರಲ್ಲಿ ಒಪ್ಪಂದ ಗೆದ್ದರು.

ವ್ಯಾಪಾರಸ್ಥರು ನಾಯಕರಾಗಬಾರದು ಅಂತ ನಾನು ಹೇಳುವುದಿಲ್ಲ. ಅವರು ಯಾರಿಗೆ ಸಾಲ ಕೊಡಿಸಿದರು, ಯಾರಿಗೆ ಕೆಲಸ ಕೊಟ್ಟು ಎಷ್ಟು ಕೂಲಿ ಕೊಟ್ಟರು, ಕಷ್ಟ ಬಂದಾಗ ಯಾರ ಪಕ್ಕ ನಿಂತರು, ಇದನ್ನು ಕೇಳಿ ಆಮೇಲೆ ಕುರ್ಚಿ ಹಾಕಿ. ನಿಮ್ಮ ಅಂಕೋಲೆಯ ದಿನಕರ ದೇಸಾಯಿ ಮುಂಬೈಯಲ್ಲಿ ಹಡಗಿನ ನಾವಿಕರ ಸಂಘಟನೆ ಮಾಡಿದರು, ಇಲ್ಲಿ ಗೇಣಿ ರೈತರ ಪರ ನಿಂತರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದರು. ಈ ಜಿಲ್ಲೆಯವರಿಗೆ ಅಳತೆಗೋಲು ಹುಡುಕಲು ದೂರ ಹೋಗಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ಫುಟ್‌ಪಾತ್ ಮೇಲೆ ಹಣ್ಣು ಮಾರುವವರಿಗೆ ಅಲ್ಲಿಯೂ ಕಾಟ ಇದೆಯಾ?
(ಓದುಗರು, ಕುಮಟಾ)

ಇತ್ತು, ಈಗಲೂ ಇದೆ. ಲಾಸ್ ಏಂಜಲೀಸಿನಲ್ಲಿ ಹಣ್ಣು, ಜೋಳ ಮಾರುವ ಹೆಂಗಸರ ಮೇಲೆ ಕ್ರಿಮಿನಲ್ ಕೇಸ್ ಹಾಕುತ್ತಿದ್ದರು. ಅವರೇ ಸಂಘಟಿತರಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ತಂದು ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ನಮ್ಮಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೂ ಜಾಗ ಇರಬೇಕು. ನಿಮ್ಮ ಪುರಸಭೆಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಹೋಗಿ ಕೇಳಿ.

ಪ್ರಶ್ನೆ: ನಮ್ಮೂರಿನ ಹುಡುಗರು ಕೊಲ್ಲಿ ದೇಶಗಳಲ್ಲಿದ್ದಾರೆ. ಊರಿಗೆ ಏನಾದರೂ ಮಾಡೋಣ ಅಂತ ದುಡ್ಡು ಸೇರಿಸುತ್ತಿದ್ದಾರೆ. ಅಲ್ಲಿನವರು ಹೀಗೆ ಮಾಡುತ್ತಾರಾ?
(ಓದುಗರು, ಭಟ್ಕಳ)

ತುಂಬ ಚೆನ್ನಾಗಿ ಮಾಡಿದ್ದಾರೆ. ಮೆಕ್ಸಿಕೊದ ಸಕಾಟೆಕಾಸ್ ರಾಜ್ಯದಿಂದ ಅಮೆರಿಕಕ್ಕೆ ಹೋದವರು ಊರೂರಿನ ಹೆಸರಲ್ಲಿ ಕ್ಲಬ್ ಕಟ್ಟಿಕೊಂಡರು. ಅವರು ಕಳಿಸುವ ಒಂದೊಂದು ಡಾಲರಿಗೆ ಕೇಂದ್ರ, ರಾಜ್ಯ, ಊರಿನ ಆಡಳಿತ ಮೂರೂ ಒಂದೊಂದು ಡಾಲರ್ ಸೇರಿಸುವ ಪದ್ಧತಿ ಬಂತು. 2002ರಲ್ಲಿ ಅದು ಮೆಕ್ಸಿಕೊ ದೇಶಕ್ಕೆಲ್ಲ ವಿಸ್ತರಿಸಿತು. ಕುಡಿಯುವ ನೀರು, ರಸ್ತೆ, ಶಾಲೆ ಆಯಿತು.

ಕೊರತೆಯೂ ಕಂಡಿತು. ಚರ್ಚಿನ ಗೋಪುರ, ಊರಿನ ಚೌಕದ ಅಲಂಕಾರಕ್ಕೂ ದುಡ್ಡು ಹೋಯಿತು. ಊರಲ್ಲಿ ಉಳಿದವರಿಗೆ ಕೆಲಸ ಹುಟ್ಟಿಸುವ ಯೋಜನೆ ಕಡಿಮೆ. ಹೊರದೇಶದಲ್ಲಿ ಸಂಘಟಿತ ಜನ ಇಲ್ಲದ ತೀರಾ ಬಡ ಊರಿಗೆ ಏನೂ ಬರಲಿಲ್ಲ.

ಹುಡುಗರಿಗೆ ಹೇಳಿ: ದುಡ್ಡು ಕಳಿಸುವ ಮೊದಲು ಊರಲ್ಲಿರುವ ಹೆಂಗಸರನ್ನೂ ಮುದುಕರನ್ನೂ ಕೂರಿಸಿ ಏನು ಬೇಕು ಅಂತ ಕೇಳಲಿ. ಸ್ವಾಗತ ಕಮಾನು ಬೇಡ. ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಕೇರಿಗೆ ಸಿಹಿ ನೀರಿನ ಪೈಪು, ಓದುವ ಹುಡುಗಿಯರಿಗೆ ಬಸ್ ಪಾಸ್, ಹೊಸದಾಗಿ ಅಂಗಡಿ ಹಾಕುವವರಿಗೆ ಬಡ್ಡಿಯಿಲ್ಲದ ಒಂದು ನಿಧಿ, ಇಂಥವು ಮೊದಲು ಬರಲಿ. ಪಕ್ಕದ ಕೇರಿಯವರು ಬೇರೆ ಜಾತಿ, ಬೇರೆ ಧರ್ಮದವರಾದರೂ ಪೈಪು ಅಲ್ಲಿಗೂ ಹೋಗಲಿ. ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ನಿಧಿಯ ನಿಯಮಾವಳಿ ಬರೆಯಲು ಸಹಾಯ ಬೇಕಾದರೆ ಪತ್ರಿಕೆಗೆ ಬರೆಯಿರಿ, ನಾನು ಕೂತು ಬರೆದುಕೊಡುತ್ತೇನೆ.